ಹಳದಿ ಟೊಮೆಟೊ, ಹಸಿರು ಪಾಲಕ್: ಭಾರ ಲೋಹದ ಅನುಮಾನ ಯಾವುದರ ಮೇಲೆ ಪಡಬೇಕು?

ಪ್ರಶ್ನೆ: ಕೋಲಾರ ತಾಲ್ಲೂಕು ನರಸಾಪುರ ಹೋಬಳಿಯ ರೈತರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರಾಂಶವಿದು. "ನಮ್ಮದು ಎರಡು ಎಕರೆ ಕೆಮ್ಮಣ್ಣಿನ ಜಮೀನು. ಪಕ್ಕದ ಕೆರೆಗೆ ಕೆ.ಸಿ. ವ್ಯಾಲಿ (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ) ನೀರು ಬಂದ ಮೇಲೆ ಬತ್ತಿಹೋಗಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಸಿಕ್ಕಿದೆ. ಒಂದು ಎಕರೆಗೆ ಡ್ರಿಪ್ ಹಾಕಿ ಟೊಮೆಟೊ, ಅರ್ಧ ಎಕರೆಯಷ್ಟು ಹಿಪ್ಪುನೇರಳೆ, ಹತ್ತು ಗುಂಟೆಯಲ್ಲಿ ಪಾಲಕ್, ದಂಟು, ಕೊತ್ತಂಬರಿ ಇಟ್ಟಿದ್ದೇವೆ. ಬದುವಿನಲ್ಲಿ ಮಾವಿನ ಮರಗಳಿವೆ. ಈ ಬೇಸಿಗೆಯಲ್ಲಿ ಟೊಮೆಟೊ ಗಿಡದ ಸುಳಿಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಉಳಿದ ಭಾಗವೆಲ್ಲ ಹಳದಿಯಾಗಿದೆ. ಮಾವಿನ ಎಲೆಯ ತುದಿ ಸುಟ್ಟಂತೆ ಒಣಗಿದೆ. ಸೊಪ್ಪು ಮಾತ್ರ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬಂದಿದೆ. ಔಷಧಿ ಅಂಗಡಿಯವರು ಇದು ಸೀಸ, ಕ್ಯಾಡ್ಮಿಯಂ ವಿಷ ಎಂದು ಹೇಳಿ ಮಣ್ಣಿನ ವಿಷ ತೆಗೆಯುವ ದ್ರಾವಣವೊಂದನ್ನು ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ನಮ್ಮ ಅಣ್ಣನ ಮಗ ಸೂರ್ಯಕಾಂತಿ, ಸಾಸಿವೆ ಬೆಳೆದರೆ ಅವೇ ಲೋಹವನ್ನು ಹೀರಿಕೊಳ್ಳುತ್ತವೆ ಎನ್ನುತ್ತಾನೆ. ಟೊಮೆಟೊ ಕಿತ್ತುಹಾಕಬೇಕೆ? ಮೂರು ವರ್ಷದ ಹಿಂದೆ ಸೊಪ್ಪಿನ ತಾಕಿಗೆ ಬೆಂಗಳೂರಿನ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದ ಒಣ ಕೆಸರನ್ನು ಗೊಬ್ಬರವೆಂದು ಎರಡು ಟ್ರ್ಯಾಕ್ಟರ್ ಲೋಡ್ ಹಾಕಿಸಿದ್ದೆವು, ಅದರಿಂದ ಒಳ್ಳೆಯದೇ ಆಗಿದೆ. ಆ ಸೊಪ್ಪನ್ನು ಮನೆಯಲ್ಲೂ ತಿನ್ನುತ್ತೇವೆ, ಮಾರುತ್ತೇವೆ ಕೂಡ."

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ನನ್ನ ಬೆಳೆಗೆ ಏನಾಗಿದೆ ಎಂಬುದು ಒಂದು. ಈ ಬೆಳೆಯನ್ನು ತಿಂದವರಿಗೆ ಏನಾಗುತ್ತದೆ ಎಂಬುದು ಇನ್ನೊಂದು. ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹದ ವಿಷಯದಲ್ಲಿ ಇವೆರಡಕ್ಕೂ ನಾವು ಅಂದುಕೊಳ್ಳುವಷ್ಟು ಸಂಬಂಧವಿಲ್ಲ. ನೀವು ವಿವರಿಸಿರುವ ಹಳದಿ ಟೊಮೆಟೊ ಭಾರ ಲೋಹದಿಂದ ಆಗಿರುವ ಸಾಧ್ಯತೆ ಕಡಿಮೆ. ಚೆನ್ನಾಗಿ ಬಂದಿದೆ ಎಂದು ನೀವು ಸಂತೋಷದಿಂದ ಬರೆದಿರುವ ಸೊಪ್ಪಿನ ತಾಕನ್ನೇ ನಾನು ಮೊದಲು ಪರೀಕ್ಷೆ ಮಾಡಿಸಲು ಹೇಳುತ್ತೇನೆ. ಗಾಬರಿಯಾಗಬೇಕಿಲ್ಲ, ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ.

ಎಲೆಯನ್ನು ನೋಡಿ ಇದು ಇಂಥ ಲೋಹದ ವಿಷ ಎಂದು ಹೇಳುವುದು ಪ್ರಯೋಗಾಲಯವಿಲ್ಲದೆ ಸಾಧ್ಯವಿಲ್ಲ. ಇದಕ್ಕೆ ಗಿಡದ ಒಳಗಿನ ವ್ಯವಸ್ಥೆಯೇ ಕಾರಣ. ನೀರಿನ ಕೊರತೆಯಾಗಲಿ, ಉಪ್ಪಿನಂಶವಾಗಲಿ, ಏಪ್ರಿಲ್ ತಿಂಗಳ ಬಿಸಿಲಾಗಲಿ, ಕ್ಯಾಡ್ಮಿಯಂ ಆಗಲಿ, ಒತ್ತಡ ಯಾವುದೇ ಇದ್ದರೂ ಕೊನೆಗೆ ಗಿಡದ ಜೀವಕೋಶಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಬೇರಿಗೆ ನೀರು ಸಾಲದಾದಾಗ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಾಗಿ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಕಡಿಮೆಯಾಗುತ್ತದೆ. ಎಲೆಯ ಮೇಲೆ ಬೀಳುವ ಬಿಸಿಲು ಮಾತ್ರ ಕಡಿಮೆಯಾಗುವುದಿಲ್ಲವಾದ್ದರಿಂದ, ಬಳಕೆಯಾಗದ ಆ ಶಕ್ತಿ ಆಮ್ಲಜನಕವನ್ನು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಉಗ್ರ ರೂಪಗಳಿಗೆ ತಿರುಗಿಸುತ್ತದೆ, ಅವು ಕೋಶದ ಪೊರೆಯನ್ನೂ ಪತ್ರಹರಿತ್ತನ್ನೂ ಹಾಳುಗೆಡವುತ್ತವೆ. ಕ್ಯಾಡ್ಮಿಯಂ ಹೆಚ್ಚಾದಾಗಲೂ ದಾರಿ ಬೇರೆಯಾದರೂ ಫಲ ಇದೇ. ಗಿಡ ಇದನ್ನು ಎದುರಿಸಲು ಕ್ಯಾಟಲೇಸ್, ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಹೆಚ್ಚಿಸುತ್ತದೆ, ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಕೂಡಿಡುತ್ತದೆ; ಬರದಲ್ಲೂ ಇದೇ, ಲೋಹದಲ್ಲೂ ಇದೇ. ಹೀಗಾಗಿ ನಮ್ಮ ಕಣ್ಣಿಗೆ ಬೀಳುವುದು ಹಳದಿ ಬಣ್ಣ, ಸುಟ್ಟ ಅಂಚು, ಕುಂಠಿತ ಬೆಳವಣಿಗೆ ಅಷ್ಟೇ. ಇಷ್ಟನ್ನು ನೋಡಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಸೀಸದ ಹೆಸರು ಹೇಳುವವರಿಗೆ ಮಾರಬೇಕಾದ ಸರಕು ಏನೋ ಇದೆ ಎಂದೇ ನಾನು ತಿಳಿಯುತ್ತೇನೆ.

ಆದರೂ ಎಲೆ ಏನನ್ನೂ ಹೇಳುವುದಿಲ್ಲವೆಂದಲ್ಲ. ಯಾವ ಎಲೆ ಮೊದಲು ಹಳದಿಯಾಯಿತು ಎಂಬುದು ಬಹಳ ಮುಖ್ಯ. ಹಳೆಯ, ಕೆಳಗಿನ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಸಿಯಂ ಕೊರತೆಯನ್ನು ಶಂಕಿಸಬೇಕು, ಏಕೆಂದರೆ ಗಿಡ ಅದನ್ನು ಹಳೆಯ ಎಲೆಯಿಂದ ತೆಗೆದು ಹೊಸ ಎಲೆಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು; ಆದ್ದರಿಂದ ಅದರ ಕೊರತೆ ಮೊದಲು ಕಾಣುವುದು ಸುಳಿಯಲ್ಲೇ. ನೀವು ಬರೆದಿರುವ ಚಿತ್ರ, ಅಂದರೆ ಎಳೆಯ ಎಲೆಯಲ್ಲಿ ಹಸಿರು ನರಗಳ ಬಲೆ ಮತ್ತು ನಡುವೆ ಹಳದಿ, ಕಬ್ಬಿಣದ ಕೊರತೆಯ ಪಠ್ಯಪುಸ್ತಕದ ಚಿತ್ರವೇ ಆಗಿದೆ. ಎಲೆ ಮುರುಟು ರೋಗವಾಗಿದ್ದರೆ ಎಲೆ ದೋಣಿಯಂತೆ ಮೇಲಕ್ಕೆ ಮಡಚಿ ಗಿಡ ಪೊದೆಯಾಗುತ್ತಿತ್ತು, ಬಿಳಿನೊಣವೂ ಕಾಣುತ್ತಿತ್ತು. ಅದನ್ನು ನೀವು ಬರೆದಿಲ್ಲ.

ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ, ಅಲ್ಲಿ ಕಬ್ಬಿಣದ ಕೊರತೆ ಹೇಗೆ ಎಂದು ನೀವು ಕೇಳಬಹುದು. ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದೆ, ಬೇರಿಗೆ ಸಿಗುವ ರೂಪದಲ್ಲಿ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ಡ್ರಿಪ್ ಹನಿ ಬೀಳುವ ಜಾಗವನ್ನು ಒಮ್ಮೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ: ತೇವದ ವೃತ್ತದ ಅಂಚಿನಲ್ಲಿ ಬಿಳಿಯ ಹೆಪ್ಪು ಕಟ್ಟಿದೆಯೇ, ಡ್ರಿಪ್ಪರಿನ ಬಾಯಿಗೆ ಸುಣ್ಣದಂಥ ಪದರ ಅಂಟಿದೆಯೇ, ಅದರ ಮೇಲೆ ಎರಡು ಹನಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯಾಗಿ ಗುಳ್ಳೆಯೇಳುತ್ತದೆಯೇ? ಎದ್ದರೆ ಅದು ಕಾರ್ಬನೇಟ್. ದಿನವೂ ಅದೇ ಜಾಗಕ್ಕೆ ಅಂಥ ನೀರು ಬಿದ್ದಾಗ ಹೊಲದ ಒಟ್ಟು ರಸಸಾರ (ಮಣ್ಣಿನ ಹುಳಿ, ಕ್ಷಾರಗಳ ಅಳತೆ, ಪಿಎಚ್) 6.5 ಇದ್ದರೂ ಬೇರಿರುವ ಆ ಒಂದು ಅಡಿ ವೃತ್ತದಲ್ಲಿ ಅದು 8ರ ಹತ್ತಿರ ಹೋಗಬಹುದು, ಅಲ್ಲಿ ಕಬ್ಬಿಣವೂ ಸತುವೂ ಬೇರಿನ ಕೈಗೆ ಸಿಗುವುದಿಲ್ಲ. ಮಾವಿನ ಎಲೆಯ ತುದಿ ಸುಡುವುದು ಸಾಮಾನ್ಯವಾಗಿ ಕ್ಲೋರೈಡ್ ಮತ್ತು ಸೋಡಿಯಂ ಹೆಚ್ಚಾದುದರ ಗುರುತು, ಮಾವು ಉಪ್ಪನ್ನು ಸಹಿಸದ ಮರ. ಎರಡು ಲಕ್ಷಣಗಳೂ ಒಂದೇ ಕಡೆಗೆ, ನೀರಿನ ಲವಣದ ಕಡೆಗೆ, ಬೆರಳು ತೋರಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸತು, ತಾಮ್ರ, ನಿಕ್ಕಲ್ ಅತಿಯಾದಾಗಲೂ ಅವು ಕಬ್ಬಿಣದ ದಾರಿಗೆ ಅಡ್ಡ ಬಂದು ಸುಳಿಯಲ್ಲಿ ಇಂಥದೇ ಹಳದಿಯನ್ನು ತರುತ್ತವೆ. ಹಾಗಾಗಿ ಒಂದೆರಡು ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ಬೇರು ನೋಡಿ. ಲೋಹ ಅತಿಯಾದಲ್ಲಿ ಬೇರು ಮೊಂಡಾಗಿ, ದಪ್ಪವಾಗಿ, ಕಂದಾಗಿ, ಕವಲು ಬೇರುಗಳಿಲ್ಲದೆ ಇರುತ್ತದೆ. ಬಿಳಿಯ ಎಳೆ ಬೇರುಗಳು ಹರಡಿಕೊಂಡಿದ್ದರೆ ಆ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಬಾಧೆ, ಅದಕ್ಕೆ ಬೇರೆಯೇ ಉಪಚಾರ ಬೇಕು.

ಈಗ ಕೆರೆಯ ನೀರಿನ ವಿಷಯ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದದ್ದು, ಮರು ತಿಂಗಳೇ ನೊರೆ ಕಾಣಿಸಿಕೊಂಡದ್ದು, ವಿಷಯ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು ನಿಮ್ಮ ಹೋಬಳಿಯವರಿಗೆ ನಾನು ಹೇಳಬೇಕಾದುದಲ್ಲ. ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆಯಲ್ಲಿ ಬರುವುದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು; ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ನೊರೆಗೆ ಮುಖ್ಯ ಕಾರಣ ಸಾಬೂನು ಪುಡಿಯ ರಾಸಾಯನಿಕಗಳು, ಭಾರ ಲೋಹಗಳಲ್ಲ. ನೊರೆಯಿದ್ದರೆ ಲೋಹವಿದೆ, ನೊರೆಯಿಲ್ಲದಿದ್ದರೆ ಲೋಹವಿಲ್ಲ ಎಂದು ಲೆಕ್ಕ ಹಾಕಲಾಗುವುದಿಲ್ಲ. ಎರಡನೇ ಹಂತದ ಶುದ್ಧೀಕರಣದಲ್ಲಿ ಸೀಸ, ಕ್ಯಾಡ್ಮಿಯಂ, ತಾಮ್ರ, ಸತುಗಳ ಬಹುಪಾಲು ಸೂಕ್ಷ್ಮಜೀವಿಗಳ ಕೆಸರಿಗೆ ಅಂಟಿಕೊಂಡು ತಳದಲ್ಲಿ ಉಳಿಯುತ್ತದೆ. ನಿಕ್ಕಲ್ ಮಾತ್ರ ಸ್ವಲ್ಪ ಹೆಚ್ಚಾಗಿ ನೀರಿನೊಂದಿಗೇ ಹೊರಬರುತ್ತದೆ. ನೀರಿನಲ್ಲಿ ಉಳಿದದ್ದರಲ್ಲೂ ಹೆಚ್ಚಿನದನ್ನು ಕೆರೆಯ ತಳದ ಜೇಡಿ ಮತ್ತು ಕೊಳೆತ ಸಾವಯವ ವಸ್ತು ಹಿಡಿದಿಟ್ಟುಕೊಳ್ಳುತ್ತವೆ. ಇಂಗಿ ನಿಮ್ಮ ಬೋರಿಗೆ ಬರುವ ಹೊತ್ತಿಗೆ ಹೆಚ್ಚಾಗಿ ಉಳಿಯುವುದು ಸೋಡಿಯಂ, ಕ್ಲೋರೈಡ್, ನೈಟ್ರೇಟ್. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಷಡ್ವೇಲೆನ್ಸಿಯ ಕ್ರೋಮಿಯಂ ಇದಕ್ಕೆ ಅಪವಾದ, ಅದು ಅಂತರ್ಜಲದಲ್ಲಿ ಸುಲಭವಾಗಿ ಸಾಗುತ್ತದೆ. ಆದ್ದರಿಂದ ನೀರಿನ ಪರೀಕ್ಷೆಯಲ್ಲಿ ಅದನ್ನು ಸೇರಿಸಿ.

ನೈಟ್ರೇಟ್ ಎಂದರೆ ಗೊಬ್ಬರವೇ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಸಾರಜನಕವಿರುತ್ತದೆ. ಒಂದು ಬೆಳೆಗೆ 400 ಮಿಲಿಮೀಟರ್ ನೀರು ಕೊಟ್ಟರೆ ಎಕರೆಗೆ ಸುಮಾರು 16 ಕಿಲೋ ಸಾರಜನಕ, ಅಂದರೆ 35 ಕಿಲೋ ಯೂರಿಯಾ, ನಿಮಗೆ ಗೊತ್ತಿಲ್ಲದೆಯೇ ಹೊಲ ಸೇರಿರುತ್ತದೆ. ನಿಮ್ಮ ಪಾಲಕ್ ಕಪ್ಪು ಹಸಿರಾಗಿ ನಳನಳಿಸುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಆ ಕೆಸರು.

ನೀವು ಪತ್ರದ ಕೊನೆಯಲ್ಲಿ ಹಾಗೇ ಹೇಳಿ ಮುಗಿಸಿದ ಆ ಎರಡು ಲೋಡ್ ಕೆಸರಿನ ಮಾತೇ ನನ್ನ ಕಣ್ಣಿಗೆ ಮೊದಲು ಬಿದ್ದದ್ದು. ಊರಿನವರೆಲ್ಲ ನೀರಿಗೆ ಹೆದರುತ್ತಾರೆ. ಆದರೆ ನೀರನ್ನು ಶುದ್ಧ ಮಾಡುವಾಗ ತೆಗೆದ ಲೋಹವೆಲ್ಲ ಸೇರಿರುವುದು ಕೆಸರಿನಲ್ಲಿ. ಅದನ್ನು ನೀವೇ ಬಾಡಿಗೆ ಕೊಟ್ಟು ತರಿಸಿಕೊಂಡಿದ್ದೀರಿ, ಅದೂ ಸೊಪ್ಪಿನ ತಾಕಿಗೆ.

ಸೊಪ್ಪು ಏಕೆ ಎಂಬುದನ್ನು ತಿಳಿಯಲು ಬೇರಿನ ಬಾಗಿಲಿಗೆ ಹೋಗಬೇಕು. ಗಿಡಕ್ಕೆ ಕ್ಯಾಡ್ಮಿಯಂ ಬೇಡ, ಅದಕ್ಕೆಂದೇ ಯಾವ ದಾರಿಯೂ ಇಲ್ಲ. ಆದರೆ ಸತು, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಒಳಗೆ ಬಿಟ್ಟುಕೊಳ್ಳುವ ಬೇರಿನ ಪ್ರೋಟೀನುಗಳು ಅವುಗಳನ್ನೇ ಹೋಲುವ ಕ್ಯಾಡ್ಮಿಯಂ ಅನ್ನು ಗುರುತು ಹಿಡಿಯದೆ ಒಳಗೆ ಬಿಡುತ್ತವೆ. ಆರ್ಸೆನಿಕ್ ಹೀಗೆಯೇ ರಂಜಕದ ದಾರಿಯಲ್ಲೂ, ಷಡ್ವೇಲೆನ್ಸಿಯ ಕ್ರೋಮಿಯಂ ಗಂಧಕದ ದಾರಿಯಲ್ಲೂ ನುಸುಳುತ್ತವೆ. ಸೀಸ ಬಹುಮಟ್ಟಿಗೆ ಬೇರಿನ ಕೋಶಭಿತ್ತಿಗೇ ಅಂಟಿಕೊಂಡು ಮೇಲೇರುವುದಿಲ್ಲ; ಕ್ರೋಮಿಯಂ ಬೇರಿನಲ್ಲೇ ನಿರುಪದ್ರವಿ ರೂಪಕ್ಕೆ ತಿರುಗಿ ಅಲ್ಲೇ ಉಳಿಯುತ್ತದೆ. ಸತು, ತಾಮ್ರ, ನಿಕ್ಕಲ್ ಮೇಲೇರಿದರೂ ತಿನ್ನುವವರಿಗೆ ಅಪಾಯವಾಗುವ ಮಟ್ಟ ಮುಟ್ಟುವ ಮುನ್ನ ಗಿಡವೇ ಸೊರಗಿಬಿಡುತ್ತದೆ. ಈ ಲೋಹಗಳ ವಿಷಯದಲ್ಲಿ ಗಿಡವೇ ನಮಗೂ ವಿಷಕ್ಕೂ ನಡುವಿನ ತಡೆಗೋಡೆಯೆನ್ನಬಹುದು. ಆ ಗೋಡೆಯಲ್ಲಿ ಬಿರುಕು ಕ್ಯಾಡ್ಮಿಯಂ ಬಳಿ ಇದೆ.

ಕ್ಯಾಡ್ಮಿಯಂ ಒಳಗೆ ಬಂದೊಡನೆ ಗಿಡ ಗ್ಲುಟಾಥಯೋನ್‌ನಿಂದ ಫೈಟೋಕೆಲಾಟಿನ್ ಎಂಬ ಪುಟ್ಟ ಸರಪಳಿಗಳನ್ನು ಹೆಣೆದು, ಅದನ್ನು ಕಟ್ಟಿಹಾಕಿ, ಕೋಶದ ನಡುವಿನ ರಸದಾನಿ ಎಂಬ ಚೀಲದೊಳಗೆ ತಳ್ಳಿ ಬಾಗಿಲು ಮುಚ್ಚುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ರಾಗಿಯನ್ನು ಹಗೇವಿಗೆ ಸುರಿದು ಮೇಲೆ ಮಣ್ಣು ಮುಚ್ಚಿ ಅದರ ಮೇಲೇ ಓಡಾಡಿಕೊಂಡಿರುತ್ತಿದ್ದಂತೆ. ಗಿಡಕ್ಕೆ ಅಲ್ಲಿಗೆ ತೊಂದರೆ ಮುಗಿಯಿತು; ಎಲೆ ಹಸಿರಾಗಿಯೇ ಇರುತ್ತದೆ, ತೂಕವೂ ಬರುತ್ತದೆ. ಆದರೆ ಎಲೆಯನ್ನೇ ತಿನ್ನುವ ನಮಗೆ ಆ ದಾಸ್ತಾನು ಪೂರ್ತಿಯಾಗಿ ತಟ್ಟೆಗೆ ಬರುತ್ತದೆ. ಪಾಲಕ್, ದಂಟು, ಕೊತ್ತಂಬರಿಯಂಥ ಸೊಪ್ಪುಗಳು ಕ್ಯಾಡ್ಮಿಯಂ ಹಿಡಿದಿಡುವುದರಲ್ಲಿ ಮುಂದು. ಗೆಡ್ಡೆಗಳು ಅವುಗಳ ನಂತರ. ಟೊಮೆಟೊ, ಹುರುಳಿಕಾಯಿ, ಅವರೆಯಂಥ ಕಾಯಿಗಳಲ್ಲಿ ಸಾಮಾನ್ಯವಾಗಿ ಬಹಳ ಕಡಿಮೆ. ಕ್ಯಾಡ್ಮಿಯಂ ಮನುಷ್ಯನ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುವ ವಸ್ತು, ಆದ್ದರಿಂದ ಇಂದು ತಿಂದು ನಾಳೆ ವಾಂತಿಯಾಗಿ ತಿಳಿಯುವ ವಿಷವಲ್ಲ. ಸೊಪ್ಪು ತರಕಾರಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಹಸಿ ತೂಕದ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ, 0.3 ಮಿಲಿಗ್ರಾಂ ಸೀಸ.

ಉಪ್ಪು ನೀರಿನಲ್ಲಿ ತೊಳೆದರೆ, ಅರಿಶಿನ ಹಾಕಿ ಬೇಯಿಸಿದರೆ ಲೋಹ ಹೋಗುತ್ತದೆಂಬ ಮಾತು ನಿಮ್ಮ ಕಡೆಯೂ ಇರಬಹುದು. ಎಲೆಯ ಮೇಲೆ ಕುಳಿತ ರಸ್ತೆಯ ಧೂಳಿನಲ್ಲಿರುವ ಸೀಸ ತೊಳೆದರೆ ಖಂಡಿತ ಹೋಗುತ್ತದೆ. ಹೆದ್ದಾರಿ ಬದಿಯ ಹೊಲದವರು ಎರಡು ಮೂರು ನೀರಿನಲ್ಲಿ ತೊಳೆಯಲೇಬೇಕು. ರಸದಾನಿಯೊಳಗಿನ ಕ್ಯಾಡ್ಮಿಯಂ ಹೋಗುವುದಿಲ್ಲ. ಸಾವಯವ ಕೃಷಿ ಮಾಡಿದರೆ ಲೋಹ ಇರುವುದಿಲ್ಲವೆಂಬುದೂ ನಿಜವಲ್ಲ. ಕೆಸರನ್ನು ಎರೆಹುಳು ಗೊಬ್ಬರ ಮಾಡಿದರೂ ಸಾವಯವ ಭಾಗ ಕರಗಿ ತೂಕ ಇಳಿಯುತ್ತದೆಯೇ ಹೊರತು ಲೋಹ ಕರಗುವುದಿಲ್ಲ, ಕಿಲೋ ಲೆಕ್ಕದಲ್ಲಿ ಹೆಚ್ಚೇ ಆಗುತ್ತದೆ. ಜೀವಾಮೃತಕ್ಕೆ ಅದರದೇ ಉಪಯೋಗಗಳಿವೆ, ಕ್ಯಾಡ್ಮಿಯಂ ತೆಗೆಯುವುದು ಅವುಗಳಲ್ಲೊಂದಲ್ಲ. ಅಂಗಡಿಯವರ ದ್ರಾವಣದ ಬಗ್ಗೆಯೂ ಇದೇ ಮಾತು: ಲೋಹ ಮೂಲವಸ್ತು, ಅದನ್ನು ಒಡೆದು ಇಲ್ಲವಾಗಿಸುವ ಔಷಧಿಯೇ ಇಲ್ಲ. ಆ ಬಾಟಲಿಯಲ್ಲಿ ಇಡಿಟಿಎ ತರಹದ ವಸ್ತುವಿದ್ದರೆ ಅದು ಮಣ್ಣು ಹಿಡಿದುಕೊಂಡಿದ್ದ ಲೋಹವನ್ನು ಬಿಡಿಸಿ ಬೇರಿಗೂ ಅಂತರ್ಜಲಕ್ಕೂ ದಾಟಿಸುತ್ತದೆ. ಅದಕ್ಕಿಂತ ಹಾಕದಿರುವುದೇ ಮೇಲು.

ಹಾಗಾದರೆ ನಿಮ್ಮ ತಾಕಿನ ಅಪಾಯ ಎಷ್ಟು? ಪರೀಕ್ಷೆಗೆ ಮುಂಚೆ ಒಂದು ಅಂದಾಜು ಲೆಕ್ಕ ಹಾಕೋಣ. ಹತ್ತು ಗುಂಟೆಯ ಮೇಲ್ಪದರ, ಆರು ಅಂಗುಲ ಆಳದವರೆಗೆ, ಸುಮಾರು 2.25 ಲಕ್ಷ ಕಿಲೋ ಮಣ್ಣು. ಎರಡು ಲೋಡಿನಲ್ಲಿ ತೇವ ಕಳೆದು ಮೂರು ಟನ್ ಒಣ ಕೆಸರು ಇತ್ತೆನ್ನೋಣ. ನಗರ ಕಾಂಪೋಸ್ಟಿಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸ. ಆ ಕೆಸರು ಈ ಮಿತಿಯಲ್ಲಿದ್ದರೆ ನಿಮ್ಮ ಹೊಲಕ್ಕೆ ಬಂದದ್ದು 15 ಗ್ರಾಂ ಕ್ಯಾಡ್ಮಿಯಂ, ಮಣ್ಣಿನ ಕಿಲೋಗೆ 0.07 ಮಿಲಿಗ್ರಾಂ ಏರಿಕೆ. ಒಂದು ಸಲಕ್ಕೆ ಚಿಂತಿಸುವಷ್ಟಲ್ಲ. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳ ನೀರೂ ಸೇರುವ ಚರಂಡಿಯ ಕೆಸರಾಗಿ, ಅದರಲ್ಲಿ 50 ಮಿಲಿಗ್ರಾಂ ಇತ್ತೆಂದುಕೊಂಡರೆ ಬಂದದ್ದು 150 ಗ್ರಾಂ, ಏರಿಕೆ 0.67 ಮಿಲಿಗ್ರಾಂ. ಯುರೋಪಿನ ಕೆಸರು ನಿಯಮ ಹೊಲದ ಮಣ್ಣಿಗೆ ಇಟ್ಟಿರುವ ಕ್ಯಾಡ್ಮಿಯಂ ಮಿತಿ 1ರಿಂದ 3 ಮಿಲಿಗ್ರಾಂ. ಆ ಮಿತಿಗಿಂತ ಕೆಳಗಿದ್ದರೂ ನಮ್ಮ ಮರಳು ಮಿಶ್ರಿತ, ಸಾವಯವ ಇಂಗಾಲ ಕಡಿಮೆಯಿರುವ, ಸ್ವಲ್ಪ ಹುಳಿಯಾದ ಕೆಮ್ಮಣ್ಣಿನಲ್ಲಿ ಅಷ್ಟು ಲೋಹವೂ ಸೊಪ್ಪಿಗೆ ಸುಲಭವಾಗಿ ಸಿಗುತ್ತದೆ. ಪ್ರತಿ ವರ್ಷ ಹಾಕುತ್ತ ಹೋದವರ ಲೆಕ್ಕ ಇನ್ನೂ ಬೇರೆ. ಉಪ್ಪಿನ ನೀರು ಇಲ್ಲಿ ಇನ್ನೊಂದು ಕಿತಾಪತಿ ಮಾಡುತ್ತದೆ: ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನು ಮಣ್ಣಿನಿಂದ ಕದಲಿಸಿ ಬೇರಿನ ಹತ್ತಿರ ತರುತ್ತದೆ.

ಸೂರ್ಯಕಾಂತಿ, ಸಾಸಿವೆಯ ಸಲಹೆಯನ್ನು ನಿಮ್ಮ ಅಣ್ಣನ ಮಗ ಎಲ್ಲೋ ಓದಿ ಹೇಳಿರಬೇಕು, ಅದರ ಹಿಂದಿನ ವಿಜ್ಞಾನ ನಿಜವೇ. ಲೋಹವನ್ನು ಅಸಾಧಾರಣವಾಗಿ ಹೀರುವ ಗಿಡಗಳು ಪ್ರಕೃತಿಯಲ್ಲಿವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಪಿಕ್ನಾಂಡ್ರಾ ಅಕ್ಯುಮಿನಾಟಾ ಎಂಬ ಉಷ್ಣವಲಯದ ಮರದ ತೊಗಟೆ ಗೀರಿದರೆ ಬರುವ ಹಾಲು ನೀಲಿ ಹಸಿರು. ಒಣಗಿಸಿದ ಆ ಹಾಲಿನಲ್ಲಿ ಕಾಲು ಭಾಗದಷ್ಟು ನಿಕ್ಕಲ್. ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ಆರ್ಸೆನಿಕ್ ಹೀರುತ್ತದೆಂದು 2001ರಲ್ಲಿ ಪ್ರಕಟವಾದಾಗ ನಮ್ಮಂಥವರಿಗೆಲ್ಲ ಬಹಳ ಉತ್ಸಾಹವಿತ್ತು. ಆದರೆ ಸಾಸಿವೆ, ಸೂರ್ಯಕಾಂತಿ ಆ ಜಾತಿಗೆ ಸೇರಿದವಲ್ಲ. ಹತ್ತು ಗುಂಟೆಯಲ್ಲಿ 500 ಕಿಲೋ ಒಣ ಗಿಡ ಬಂದು, ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಹೀರಿತೆಂದರೆ ಒಂದು ಬೆಳೆಗೆ ಹೊರಹೋಗುವುದು 2.5 ಗ್ರಾಂ. ಮೇಲಿನ 150 ಗ್ರಾಂನಲ್ಲಿ ಅರ್ಧವನ್ನು ತೆಗೆಯಲು 30 ಬೆಳೆ ಬೇಕು. ಅಷ್ಟೂ ಬೆಳೆಯ ಸೊಪ್ಪು ಸದೆಯನ್ನು ದನಕ್ಕೆ ಹಾಕುವಂತಿಲ್ಲ, ಹೊಲಕ್ಕೆ ಮರಳಿ ಉಳುವಂತಿಲ್ಲ, ಸುಟ್ಟರೆ ಬೂದಿಯಲ್ಲಿ ಲೋಹ ಉಳಿಯುತ್ತದೆ. ಸಣ್ಣ ರೈತರಿಗೆ ಇದು ದಾರಿಯಲ್ಲ. ಇದ್ದಲ್ಲೇ ಹಿಡಿದಿಡುವುದು ಇದಕ್ಕಿಂತ ಸುಲಭ. ಲಾವಂಚ ಅಂಥ ಗಿಡ, ಲೋಹವನ್ನು ಹೆಚ್ಚಾಗಿ ಬೇರಿನಲ್ಲೇ ಇಟ್ಟುಕೊಂಡು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಆದರೆ ಅದು ಹೊಲಕ್ಕಿಂತ ಗಣಿ ತ್ಯಾಜ್ಯದ ದಿಬ್ಬಗಳಿಗೆ ಹೊಂದುವ ಉಪಾಯ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಹಾಗೇ ನಿಂತಿರುವ ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ಹಸಿರು ಹಿಡಿಯದಿರುವುದಕ್ಕೂ ವಿಷವೊಂದೇ ಕಾರಣವಲ್ಲ. ಸೈನೈಡ್ ಕಾಲಕ್ರಮೇಣ ಬಿಸಿಲು ಗಾಳಿಗೆ ಒಡೆದುಹೋಗುತ್ತದೆ, ಆದರೆ ಸಾವಯವ ಅಂಶವೇ ಇಲ್ಲದ, ಹಿಟ್ಟಿನಂಥ ಕಲ್ಲಿನ ಪುಡಿಯಲ್ಲಿ ಬೇರಿಗೆ ನೀರೂ ನಿಲ್ಲದು, ಗೊಬ್ಬರವೂ ಸಿಗದು.

ಈಗ ಮಾಡಬೇಕಾದುದನ್ನು ಹೇಳುತ್ತೇನೆ. ಟೊಮೆಟೊ ಕೀಳಬೇಡಿ. ಕಬ್ಬಿಣವನ್ನು ಎಲೆಗೇ ಕೊಡಿ: ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಸಂಜೆ ಬಿಸಿಲಿಳಿದ ಮೇಲೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮೊದಲು ಒಂದು ಸಾಲಿಗೆ ಮಾತ್ರ ಹೊಡೆದು ವಾರ ಕಾಯುವುದು ಉತ್ತಮ. ಆ ಸಾಲಿನ ಹೊಸ ಎಲೆ ಹಸಿರಾದರೆ ಇದು ಕಬ್ಬಿಣದ ಕೊರತೆಯೇ ಎಂಬುದಕ್ಕೆ ಅದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತರಕಾರಿ ಸ್ಪೆಷಲ್ ಪುಡಿಯನ್ನೂ ಬಳಸಬಹುದು; ಅದಕ್ಕೆ ನಿಂಬೆರಸ ಸೇರಿಸಲು ಹೇಳುವುದು ನೀರಿನ ಬೈಕಾರ್ಬನೇಟ್ ಕಬ್ಬಿಣವನ್ನು ಕೆಡಿಸದಿರಲೆಂದು, ಆ ನಿಂಬೆಹಣ್ಣನ್ನು ಉಳಿಸಲು ಹೋಗಬೇಡಿ. ಡ್ರಿಪ್ಪಿನಲ್ಲಿ ಆಮ್ಲ ಬಿಟ್ಟು ಮಣ್ಣಿನ ರಸಸಾರ ಇಳಿಸುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಟೊಮೆಟೊ ತಾಕಿನಲ್ಲಿ ಮಿತವಾಗಿ ಮಾಡಬಹುದು, ಸೊಪ್ಪಿನ ತಾಕಿನಲ್ಲಿ ಖಂಡಿತ ಬೇಡ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ. ಒಂದು ರೋಗದ ಮದ್ದು ಇನ್ನೊಂದರ ಆಹಾರವಾಗುವ ಸಂದರ್ಭವಿದು.

ನೀರಿನ ಪರೀಕ್ಷೆಗೆ ಬೋರನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಆಮೇಲೆ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಲೋಹದ ಪರೀಕ್ಷೆಗಾದರೆ ಪ್ರಯೋಗಾಲಯದವರು ಕೊಡುವ ಆಮ್ಲ ಹಾಕಿದ ಬಾಟಲಿಯಲ್ಲೇ ಹಿಡಿಯಬೇಕು. ವರದಿಯಲ್ಲಿ ಇ.ಸಿ. (ಉಪ್ಪಿನಂಶವನ್ನು ತೋರಿಸುವ ವಿದ್ಯುತ್ ವಾಹಕತೆ, ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿ) 0.7ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಆ ನೀರು ತರಕಾರಿಗೆ ಕಷ್ಟ. ಉಳಿಕೆ ಕಾರ್ಬನೇಟ್ (ವರದಿಯಲ್ಲಿ ಆರ್‌ಎಸ್‌ಸಿ; ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಮೀರಿ ಉಳಿದ ಕಾರ್ಬನೇಟ್) 1.25ರೊಳಗಿದ್ದರೆ ಒಳ್ಳೆಯದು, 2.5 ಮೀರಿದರೆ ಜಿಪ್ಸಂ ಇಲ್ಲದೆ ಬಳಸಬಾರದು. ಟೊಮೆಟೊ ಮಣ್ಣಿನ ಇ.ಸಿ. 2.5ರವರೆಗೆ ತಡೆದುಕೊಳ್ಳುತ್ತದೆ, ಹುರುಳಿಕಾಯಿ 1ಕ್ಕೇ ಸೋಲುತ್ತದೆ. ನೀರು ಕೆಟ್ಟದಾಗಿದ್ದರೆ ಬೆಳೆ ಬದಲಿಸುವಾಗ ಇದನ್ನು ನೆನಪಿಡಿ. ನೀರಾವರಿ ನೀರಿನ ಕ್ಯಾಡ್ಮಿಯಂಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ರೋಮಿಯಂಗೆ 0.1, ನಿಕ್ಕಲ್‌ಗೆ 0.2. ಅದೇ ಬೋರಿನ ನೀರನ್ನು ಕುಡಿಯುತ್ತಿದ್ದರೆ ಫ್ಲೋರೈಡ್ ಮತ್ತು ನೈಟ್ರೇಟ್‌ಗೆ ಬೇರೆಯಾಗಿ ಪರೀಕ್ಷಿಸಿ. ಅದು ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ನಮ್ಮ ಜಿಲ್ಲೆಯಲ್ಲಿ ಹೇಳದೆ ಬಿಡುವಂಥದ್ದಲ್ಲ.

ಸೊಪ್ಪಿನ ತಾಕಿನ ಮಣ್ಣನ್ನು ಎಂಟು ಹತ್ತು ಕಡೆ ಆರು ಅಂಗುಲದವರೆಗೆ ತೆಗೆದು ಬೆರೆಸಿ ಅರ್ಧ ಕಿಲೋ ಮಾಡಿ. ಸತುವಿನ ಲೇಪದ ಬಾಂಡ್ಲಿ, ತುಕ್ಕು ಹಿಡಿದ ಸನಿಕೆ ಬೇಡ. ಪಕ್ಕದ, ಕೆಸರು ಹಾಕದ ಹಿಪ್ಪುನೇರಳೆ ತೋಟದಿಂದಲೂ ಒಂದು ಮಾದರಿ ಕೊಡಿ, ಹೋಲಿಕೆ ಇಲ್ಲದ ಅಂಕಿಗೆ ಅರ್ಥವಿರುವುದಿಲ್ಲ. ಸೊಪ್ಪಿನ ಮಾದರಿಯನ್ನು ಅಡುಗೆಗೆ ತೊಳೆಯುವಂತೆಯೇ ತೊಳೆದು ಕೊಡಿ. ಟೊಮೆಟೊ ಎಲೆಯನ್ನೂ ಕಳುಹಿಸುವುದಾದರೆ ಸಿಂಪಡಣೆ ಆಗದ ಹೊಸ ಎಲೆ ಆರಿಸಿ. ಇಲ್ಲದಿದ್ದರೆ ನೀವು ಹೊಡೆದಿರಬಹುದಾದ ಶಿಲೀಂಧ್ರನಾಶಕಗಳಿಂದ ಕಾಪರ್ ಆಕ್ಸಿಕ್ಲೋರೈಡ್‌ನ ತಾಮ್ರ, ಮ್ಯಾಂಕೋಜೆಬ್‌ನ ಸತು ವರದಿಯಲ್ಲಿ ಬಂದು ಎಲ್ಲರನ್ನೂ ಹೆದರಿಸುತ್ತದೆ. ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಇವೆ, ಕ್ಯಾಡ್ಮಿಯಂ, ಸೀಸ ಇಲ್ಲ. ಆ ಚೀಟಿ ಚೆನ್ನಾಗಿದೆಯೆಂದು ಸಮಾಧಾನಪಡುವಂತಿಲ್ಲ. ರಸಸಾರ, ಇ.ಸಿ., ಸತು, ಕಬ್ಬಿಣಗಳನ್ನು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಲೋಹಗಳಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯ ಬೇಕು. ಅದು ಅಗ್ಗವಲ್ಲ, ಆದ್ದರಿಂದ ಪಟ್ಟಿಯಲ್ಲಿರುವ ಎಲ್ಲ ಲೋಹಗಳನ್ನೂ ಕೇಳಬೇಡಿ: ಮಣ್ಣಿನಲ್ಲಿ ಕ್ಯಾಡ್ಮಿಯಂ, ಸೀಸ, ನಿಕ್ಕಲ್, ಕ್ರೋಮಿಯಂ, ಸೊಪ್ಪಿನಲ್ಲಿ ಕ್ಯಾಡ್ಮಿಯಂ ಮತ್ತು ಸೀಸ ಸಾಕು.

ವರದಿ ಬರುವವರೆಗೆ ಆ ತಾಕಿನ ಸೊಪ್ಪನ್ನು ಮನೆಗೂ ತರಬೇಡಿ, ಮಾರುಕಟ್ಟೆಗೂ ಕಳಿಸಬೇಡಿ. ಒಂದು ತಿಂಗಳ ಸೊಪ್ಪಿನ ಆದಾಯ ಹೋಗುತ್ತದೆ, ಅದು ನನಗೆ ಗೊತ್ತಿದೆ. ಸೊಪ್ಪಿನ ಕ್ಯಾಡ್ಮಿಯಂ 0.2ಕ್ಕಿಂತ ಸಾಕಷ್ಟು ಕಡಿಮೆ ಬಂದರೆ ಬೆಳೆ ಮುಂದುವರಿಸಿ, ಕೆಸರು ಮಾತ್ರ ಮತ್ತೆ ತರಬೇಡಿ. ಮಿತಿಯ ಹತ್ತಿರವಿದ್ದರೆ ರಸಸಾರವನ್ನು 6.5ರಿಂದ 7ಕ್ಕೆ ತರಲು ಕೃಷಿ ಸುಣ್ಣ, ಜೊತೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಸತು ಕಡಿಮೆಯಿದ್ದರೆ ಸತುವಿನ ಸಲ್ಫೇಟ್ ಕೊಡಿ; ಸತುವಿನ ಹಸಿವಿರುವ ಬೇರು ಕ್ಯಾಡ್ಮಿಯಂ ಅನ್ನೂ ಹೆಚ್ಚು ಎಳೆದುಕೊಳ್ಳುತ್ತದೆ. ಸುಣ್ಣ ಲೋಹವನ್ನು ತೆಗೆಯುವುದಿಲ್ಲ, ಹಿಡಿದಿಡುತ್ತದೆ ಅಷ್ಟೇ, ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ರಸಸಾರ ನೋಡುತ್ತಿರಬೇಕು. ಮಿತಿ ದಾಟಿದರೆ ಆ ಹತ್ತು ಗುಂಟೆಯಲ್ಲಿ ಸೊಪ್ಪು, ಮೂಲಂಗಿ, ಕ್ಯಾರೆಟ್ ಬಿಟ್ಟುಬಿಡಿ. ಚೆಂಡು ಹೂ, ಸೇವಂತಿಗೆಗೆ ಹೋಗಿ. ಮೇಲ್ಮಣ್ಣು ತೆಗೆಸಿ ಬೇರೆ ಮಣ್ಣು ತುಂಬಿಸುವವರಿದ್ದಾರೆ. ಖರ್ಚು ಹೆಚ್ಚು, ತೆಗೆದ ಮಣ್ಣು ಯಾರ ಹೊಲಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ನೀವು ಕೇಳದ ಇನ್ನೊಂದು ವಿಷಯ: ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುವುದು ನಮ್ಮ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಸಂಸ್ಕರಿಸಿದ ನೀರು ವರ್ಷಗಟ್ಟಲೆ ನಿಂತ ಕೆರೆಯ ಗೋಡನ್ನು, ಅದರಲ್ಲೂ ನೀರು ಒಳಬರುವ ಬಾಯಿಯ ಹತ್ತಿರದ್ದನ್ನು, ಪರೀಕ್ಷೆ ಮಾಡಿಸದೆ ತರಕಾರಿ ಹೊಲಕ್ಕೆ ಹೊಡೆಯಬೇಡಿ.

ಕೆಸರು ಹಾಕಿದ್ದು ಸೊಪ್ಪಿನ ತಾಕಿಗೆ ಎಂದಷ್ಟೇ ಬರೆದಿದ್ದೀರಿ, ಹಿಪ್ಪುನೇರಳೆಗೆ ಹಾಕಿಲ್ಲವೆಂದುಕೊಳ್ಳುತ್ತೇನೆ, ಹಾಗಾಗಿ ಅದರ ಬಗ್ಗೆ ಸದ್ಯ ಚಿಂತೆ ಬೇಡ. ಅದು ಲೋಹವನ್ನು ಹೆಚ್ಚಾಗಿ ಬೇರಿನಲ್ಲೇ ಉಳಿಸಿಕೊಳ್ಳುವ ಗಿಡ. ಮುಂದೆ ಸೊಪ್ಪಿನ ತಾಕನ್ನೂ ಹಿಪ್ಪುನೇರಳೆಗೆ ತಿರುಗಿಸುವ ಯೋಚನೆ ಬಂದರೆ ತಪ್ಪಿಲ್ಲ. ಆದರೆ ಎಲೆಗೆ ಬಂದ ಅಲ್ಪ ಕ್ಯಾಡ್ಮಿಯಂನ ದೊಡ್ಡ ಪಾಲು ರೇಷ್ಮೆ ಹುಳುವಿನ ಹಿಕ್ಕೆಯಲ್ಲಿ ಹೊರಬರುತ್ತದೆ, ಆದ್ದರಿಂದ ಆ ತಾಕಿನ ಸೊಪ್ಪು ತಿಂದ ಹುಳುವಿನ ಹಿಕ್ಕೆಯನ್ನು ಹಸುವಿಗೆ ಹಾಕಬೇಡಿ, ಹಿತ್ತಲಿನ ಕೊತ್ತಂಬರಿ ಮಡಿಗೂ ಬೇಡ, ಅದೇ ಹಿಪ್ಪುನೇರಳೆಯ ಬುಡಕ್ಕೆ ಹಾಕಿ.